ಚೌಕಾಕಾರದ ಸಗಣಿ

ಆಸ್ಟ್ರೇಲಿಯಾದ ಗ್ಲೆನ್ ವೇವರ್ಲಿಯಲ್ಲಿ ಮನೆ ಕೊಂಡಾಗ ನನ್ನ ಹೆಂಡತಿ ಸುಮತಿಯದು ಒಂದೇ ಹಟ. ಸಗಣಿಯಿಂದ ಹೊಸಿಲು ಸಾರಿಸದೆ ಗೃಹಪ್ರವೇಶವಿಲ್ಲ!

“ಸಗಣಿ ಹುಡುಕ್ಲಿಕ್ಕೆ ಉಡುಪಿಯವನಿಗೆ ಹೇಳಿಕೊಡ್ಬೇಕಾ? ನನ್ನ ಜವಾಬ್ದಾರಿ!” ಎಂದು ಎದೆ ತಟ್ಟಿಕೊಂಡೆ.

ಗೃಹಪ್ರವೇಶದ ಹಿಂದಿನ ದಿನ ರಸ್ತೆ ನಕ್ಷೆಗಳ ಸ್ಟ್ರೀಟ್ ಡೈರೆಕ್ಟರಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾರಿನಲ್ಲಿ ಡ್ಯಾಂಡಿನಾಂಗ್ ಊರು ದಾಟಿ, ದನ ಕಂಡ ಮೊದಲ ಫಾರ್ಮಿಗೆ ನುಗ್ಗಿದೆ. ರೈತ ಗೇಟಿನಲ್ಲೇ ತಡೆದ. ಹೊರಗಿನ ಮಣ್ಣಿನಿಂದ ದನಗಳಿಗೆ ರೋಗ ಬರುತ್ತದಂತೆ, ಔಷಧಿ ನೀರಿನ ತೊಟ್ಟಿಯಲ್ಲಿ ತೊಳೆದುಕೊಂಡು ಬರಬೇಕಂತೆ. ಇಷ್ಟೇ ತಾನೆ? ಶ್ರದ್ಧೆಯಿಂದ ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ, ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದು ಬರಿಗಾಲಲ್ಲಿ ನಿಂತೆ.

“ಮೇಟ್, ತೊಳೀಬೇಕಾಗಿದ್ದು ಬೂಟು!” ಎಂದು ರೈತ ಹಣೆ ಚಚ್ಚಿಕೊಂಡು ಗೇಟು ಹಾಕಿದ.

ನಾನು ಸೋಲುವವನೇ? ಬೇಲಿಯ ಹೊರಗೇ ಒಂದು ಬಂಡೆಯ ಮೇಲೆ ಸಿಕ್ಕಿತು! ನೆಲ ಮುಟ್ಟದ, ಮಡಿ ಸಗಣಿ. ಅದೂ ಮೈಸೂರುಪಾಕಿನಂತೆ ಚೌಕ ಚೌಕ! ಈ ದೇಶದಲ್ಲಿ ಹಸುಗಳಿಗೂ ಎಷ್ಟು ಶಿಸ್ತು ಎಂದು ಹೃದಯ ತುಂಬಿ ಬಂತು. ಡಬ್ಬಿಯೂ ತುಂಬಿತು.

“ಇಷ್ಟು ಸಣ್ಣದಾ?” ಸುಮತಿ ಕೇಳಿದಳು.

“ಆಸ್ಟ್ರೇಲಿಯಾದ ದನ ಮಾರಾಯ್ತಿ, ಪೋರ್ಷನ್ ಕಂಟ್ರೋಲ್!”

ಮರುದಿನ ಅದನ್ನೇ ಕಲಸಿ ಸುಮತಿ ಹೊಸಿಲು ಸಾರಿಸಿದಳು. ಅಷ್ಟರಲ್ಲಿ ಧಾರವಾಡದ ಪಾಟೀಲರು ಬಂದರು. ನಮ್ಮ ಗೆಳೆಯರು, ದನದ ಡಾಕ್ಟರು. ಡಬ್ಬಿಯಲ್ಲಿ ಉಳಿದಿದ್ದ ಚೌಕ ನೋಡಿ ಹೌಹಾರಿದರು.

“ಏನ್ರೀ ಇದು! ಇದು ಆಕಳದ್ದಲ್ರೀ, ವೊಂಬ್ಯಾಟಿಂದು!”

ವೊಂಬ್ಯಾಟ್ ಎಂದರೆ ಬಿಲ ತೋಡುವ ಗಿಡ್ಡಕಾಲಿನ ಕಾಡುಪ್ರಾಣಿ. ಅದರ ಹಿಕ್ಕೆಯೇ ಚೌಕವಂತೆ. ಮೊದಲು ಬಂದ ಬಿಳಿಯರು ಅದನ್ನು ತಮ್ಮೂರಿನ ಬಿಲದ ಪ್ರಾಣಿ ಬ್ಯಾಡ್ಜರ್ ಎಂದೇ ಕರೆದಿದ್ದರಂತೆ. ಅವರಿಗೆ ಬ್ಯಾಡ್ಜರ್, ನನಗೆ ಗೋಮಾತೆ!

“ಬೇಲಿ ಕೆಳಗ ನುಸುಳಿ ಎಲ್ಲೆಲ್ಲೋ ತಿರಗತದ, ಏನೇನ್ ರೋಗ ಹೊತ್ತಿರತದೋ! ಮೊದ್ಲ ಎಲ್ಲಾರೂ ಕೈ ತೊಳ್ಕೋರಿ!”

ಸುಮತಿ ನನ್ನನ್ನು ನೋಡಿದಳು. ಹೋಮಕ್ಕೆ ಮೊದಲೇ ಹೊಗೆ ಕಾಣಿಸಿತು. ಮುಹೂರ್ತ ಮೀರುತ್ತಿತ್ತು. ಪಾಟೀಲರು ಪಂಚೆ ಎತ್ತಿ ಕಟ್ಟಿ, ಬ್ಲೀಚ್ ಸುರಿದು, ಹೊಸಿಲು ತಿಕ್ಕಿಯೇ ತಿಕ್ಕಿದರು. ಪುರೋಹಿತ ಭಟ್ಟರು ಶಾಲಿನಲ್ಲಿ ನಗು ಮುಚ್ಚಿಕೊಂಡು, “ಇಷ್ಟು ಶುದ್ಧವಾದ ಹೊಸಿಲು ಉಡುಪಿಯಲ್ಲೂ ಕಂಡದ್ದಿಲ್ಲ ಮಾರಾಯ್ತಿ, ಬಲಗಾಲಿಟ್ಟು ಬಾ!” ಎಂದರು.

ಸುಮತಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಕಾಲಿಟ್ಟಳು, ಹಿಂದೆಯೇ ಅತಿಥಿಗಳೆಲ್ಲ ನುಗ್ಗಿದರು. ನನಗೂ ಖುಷಿಯಾಯಿತು. ನಾನೂ ಹೊರಟೆ.

“ನೀವ್ ನಿಂದರ್ರಿ!” ಪಾಟೀಲರು ಬಕೆಟ್ ಅಡ್ಡ ಹಿಡಿದರು. “ಬರಿಗೈಲೆ ಆರಿಸಿದವ್ರು ನೀವು.”

ಮೊಣಕೈವರೆಗೆ ತೊಳೆಸಿಕೊಂಡು ಒಳಗೆ ಬರುವಷ್ಟರಲ್ಲಿ ಮುಹೂರ್ತ ಮುಗಿದಿತ್ತು. ಮಾರ್ಟ್‌ಗೇಜ್ ಕಟ್ಟುವವನು ನಾನು. ಆ ಮನೆಗೆ ರಾಹುಕಾಲದಲ್ಲಿ ಕಾಲಿಟ್ಟವನೂ ನಾನೊಬ್ಬನೇ!