ಮೂರನೆಯ ಅಂಕೆ ಇಳಿಯುವ ತನಕ

ಕಂಪ್ಯೂಟರ್ ಮುಂದೆ ನಾನು ಕೂತರೆ ಏನಾದರೊಂದು ಆಗಿಯೇ ಆಗುತ್ತದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕೇರಳ ಗಡಿಯ ಬಾವಲಿ ಊರಲ್ಲಿ ಅರ್ಜಿ ತುಂಬಿಸುವ ಅಂಗಡಿ ಇಟ್ಟಿರುವ ಮಲಯಾಳಿ ಅಕ್ಕ, ನಮ್ಮ ಚೇಚಿ, ಕರೆದು ಕುರ್ಚಿ ಕೊಟ್ಟರು. ಷರತ್ತು ಒಂದೇ: "ಗೇಮ್ ಆಡಿದ್ದು ಗೊತ್ತಾದರೆ ಕುರ್ಚಿ ಹೋಯ್ತು, ಮೋನೇ." ಮೋನೇ ಅಂದರೆ ಅವರ ಭಾಷೆಯಲ್ಲಿ ಮಗನೇ.

೧. ಜ್ವರ

ನಮ್ಮದು ಲಿನಕ್ಸ್ ಮೆಷಿನ್. ಪರದೆಯ ಮೂಲೆಯಲ್ಲಿ ಸದಾ ಮೂರು ಅಂಕೆ. ಒಂದು ದಿನ ಮೂರೂ ಏರಿದ್ದು ನೋಡಿ ಚೇಚಿ ನನ್ನ ಕಡೆಯಿದ್ದ ಫ್ಯಾನನ್ನು ಮೆಷಿನ್ ಕಡೆ ತಿರುಗಿಸಿದರು.

"ಪಾಪ, ಜ್ವರ."

"ಜ್ವರ ಅಲ್ಲ ಚೇಚಿ, ಲೋಡು. ಎಷ್ಟು ಕೆಲಸ ನಡೀತಿದೆ, ಎಷ್ಟು ಸಾಲಲ್ಲಿ ಕಾಯ್ತಿದೆ ಅಂತ. ಮೊದಲನೆಯದು ಒಂದು ನಿಮಿಷದ ಸರಾಸರಿ, ನಡುವಿನದು ಐದರದ್ದು, ಮೂರನೆಯದು ಹದಿನೈದರದ್ದು."

ಚೇಚಿಗೆ ಪಾಠ ತಲೆಗೆ ಹೋಯಿತು. ಫ್ಯಾನ್ ಮಾತ್ರ ನನ್ನ ಕಡೆ ವಾಪಸ್ ಬರಲಿಲ್ಲ.

೨. ಆನೆ

ಇನ್ನೊಂದು ದಿನ ಲೋಡು ಎಂಟು, ಪ್ರೊಸೆಸರ್ ಮಾತ್ರ ಸುಮ್ಮನೆ ಕೂತಿದೆ.

"ಕೆಲಸ ಮಾಡದೆ ಎಂಟು ಹೇಗೋ?"

ಒಬ್ಬ ಅಜ್ಜ ತಂದ ಪೆನ್‌ಡ್ರೈವ್ ಕೆಟ್ಟಿತ್ತು. ಅದನ್ನು ಓದಲು ಹೋದ ಕೆಲಸಗಳೆಲ್ಲ ಅಲ್ಲೇ ಸಿಕ್ಕಿಕೊಂಡಿದ್ದವು. ಅವೂ ಲೆಕ್ಕಕ್ಕೆ ಸೇರುತ್ತವೆ.

"ಬೇಗೂರಿನ ಕಾಡುದಾರಿಗೆ ಆನೆ ಅಡ್ಡ ನಿಂತ ಹಾಗೆ ಚೇಚಿ. ಎಂಟು ಲಾರಿ ಇವೆ, ಒಂದೂ ಓಡ್ತಿಲ್ಲ."

ಡ್ರೈವ್ ಕಿತ್ತೆವು. ಅಜ್ಜ ತಮ್ಮ ಆನೆಯನ್ನು ಜೇಬಿಗೆ ಹಾಕಿಕೊಂಡು ಹೋದರು.

೩. ಹಲ್ಲುಜ್ಜುವುದು

ಚೇಚಿ ಮಾನಂತವಾಡಿಗೆ ಹೋದ ದಿನ ಅಂಗಡಿಗೆ ಯಾರೂ ಬರಲಿಲ್ಲ. ಒಂದು ಗಂಟೆ ಗೇಮ್ ಆಡಿದೆ. ಹೊರಗೆ ಸ್ಕೂಟರ್ ಸದ್ದು. ತಕ್ಷಣ ಮುಚ್ಚಿದೆ. ಪುಣ್ಯಕ್ಕೆ ಚೇಚಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯಲು ನಿಂತರು.

ಮೂಲೆ ನೋಡಿದೆ. ಮೊದಲನೆಯ ಅಂಕೆ ಸರಸರ ಇಳಿಯಿತು. ಮೂರನೆಯದು ಎರಡೂವರೆಯಲ್ಲೇ ಕೂತಿತ್ತು, ಕಳ್ಳನ ಹೆಜ್ಜೆಗುರುತಿನ ಹಾಗೆ. ಅದನ್ನು ಓದಲು ಚೇಚಿಗೆ ಕಲಿಸಿದವನು ನಾನೇ! ಬೇರೆ ದಾರಿ ಕಾಣದೆ ಮೆಷಿನ್ ರೀಸ್ಟಾರ್ಟ್ ಮಾಡಿದೆ. ಲೆಕ್ಕವೆಲ್ಲ ಹೊಸದು. ನಿಟ್ಟುಸಿರು ಬಿಟ್ಟೆ.

ಚೇಚಿ ಬಂದರು. "ಏನು ಮಾಡ್ತಿದ್ದೆ?"

"ಏನಿಲ್ಲ ಚೇಚಿ. ಬೆಳಗ್ಗೆಯಿಂದ ಮೆಷಿನ್‌ಗೂ ರೆಸ್ಟು, ನನಗೂ ರೆಸ್ಟು."

ಚೇಚಿ ಮೂಲೆ ನೋಡಿದರು. "ಹದಿನೈದು ನಿಮಿಷದ್ದು ಸೊನ್ನೆ ಹತ್ತಿರ. ಒಂದು ನಿಮಿಷದ್ದು ಮಾತ್ರ ಮೇಲಿದೆ. ಇದು ಈಗ ತಾನೇ ಎದ್ದು ಹಲ್ಲುಜ್ಜುತ್ತಿದೆ ಮೋನೇ. ಎಬ್ಬಿಸಿದ್ದು ಯಾರು? ಯಾಕೆ?"

ಕುರ್ಚಿ ಹೋಯಿತು. ನಿಂತುಕೊಂಡೇ ಅರ್ಜಿಗಳಿಗೆ ಪಿನ್ನು ಹೊಡೆಯುತ್ತ ಕೇಳಿದೆ, "ಎಷ್ಟು ದಿನ ಚೇಚಿ?"

"ಮೂರನೆಯ ಅಂಕೆ ಇಳಿಯುವ ತನಕ."

"ಅದು ಸೊನ್ನೆಯಲ್ಲೇ ಇದೆಯಲ್ಲ!"

"ಮೆಷಿನ್‌ದಲ್ಲ ಮೋನೇ, ನನ್ನ ಕೋಪದ್ದು. ಅದಕ್ಕೆ ರೀಸ್ಟಾರ್ಟ್ ಇಲ್ಲ."