ದಾಕ್ಷಾಯಿಣಮ್ಮನ ನೀಲದೋಲೆ ದಿಗ್ವಿಜಯ

ಕೇಳಿರಿ, ಕಿವಿಯುಳ್ಳವರೆ, ಕಿವಿಯಲ್ಲಿ ಓಲೆಯುಳ್ಳವರು ಇನ್ನೂ ಒಂದಿಷ್ಟು ಹತ್ತಿರ ಕೂತು ಕೇಳಿರಿ. ಯಾವ ಕಾಲದಲ್ಲಿ ದಾವಣಗೆರೆಯ ಹತ್ತಿಗಿರಣಿಗಳ ಕೂಗು ಅಡಗಿ ಅವುಗಳ ನೆಲದ ಮೇಲೆ ಕಲ್ಯಾಣಮಂಟಪಗಳು ತಲೆಯೆತ್ತಿದ್ದವೋ, ಯಾವ ಕಾಲದಲ್ಲಿ ಮದುವೆಮನೆಗಳಲ್ಲಿ ಪುರೋಹಿತರಿಗಿಂತ ಫೋಟೋ ತೆಗೆಯುವವರ ಮಾತೇ ಹೆಚ್ಚು ನಡೆಯುತ್ತಿತ್ತೋ, ಆ ಪರಮವಿಚಿತ್ರ ಕಾಲದಲ್ಲಿ, ವಿದ್ಯಾನಗರದ ಒಂದು ಅಡ್ಡರಸ್ತೆಯಲ್ಲಿ, ಸಮಾಸವಿಗ್ರಹವಿಚಕ್ಷಣೆಯೂ ಸಂಧಿದೋಷಸಂಹಾರಿಣಿಯೂ ಕೆಂಪುಶಾಯಿಖಡ್ಗಧಾರಿಣಿಯೂ ಆದ ದಾಕ್ಷಾಯಿಣಮ್ಮನೆಂಬ ವೀರಾಗ್ರಣಿ ಬಾಳುತ್ತಿದ್ದಳು. ಈ ಕೊನೆಯ ಬಿರುದು ಅರಿಸಮಾಸವೆಂದು ಮೊದಲು ಗೆರೆ ಎಳೆಯುವವಳೂ ಆಕೆಯೇ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಆಕೆ, ತಾನು ಆರಿಸಿದ್ದು ತಪ್ಪೆಂದು ಅದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ.

ಈ ಮಹಾಮಹಿಮಳಿಗೆ ಒಬ್ಬಳು ತಂಗಿ. ಹೆಸರು ಸರ್ವಮಂಗಳಮ್ಮ. ಹರಿಹರದ ಅಂಚೆ ಕಚೇರಿಯಲ್ಲಿ ಲಕ್ಷೋಪಲಕ್ಷ ಪತ್ರಗಳ ನೆತ್ತಿಯ ಮೇಲೆ ಮುದ್ರೆಯ ವಜ್ರಾಘಾತವಿಕ್ಕಿದ ಬಾಹುಬಲ ಆಕೆಯದು. ಅಕ್ಕನಿಗೆ ಮಾತೇ ಆಯುಧ, ತಂಗಿಗೆ ಮೌನ. ಎರಡನೆಯದರ ಗಾಯ ಬೇಗ ಮಾಯುವುದಿಲ್ಲ.

ಇವರಿಬ್ಬರ ತಾಯಿ ಗುರುಸಿದ್ದಮ್ಮನ ಕಿವಿಗಳಲ್ಲಿ ಒಂಟಿಕಲ್ಲಿನ ನೀಲದ ಓಲೆಗಳಿದ್ದವು. ನೀಲವೆಂದರೆ ಶನಿದೇವನ ಕಲ್ಲು, ಎಲ್ಲರಿಗೂ ಆಗಿಬರುವುದಿಲ್ಲ, ಮೂರು ದಿನ ಇಟ್ಟುಕೊಂಡು ನೋಡಬೇಕು ಎಂದು ಕೇರಿಯ ಹಿರಿಯರೆಲ್ಲ ಎಚ್ಚರಿಸಿದ್ದರು. ಮದುವೆಯಾದ ವರ್ಷ ಓಲೆ ಹಾಕಿಕೊಂಡ ಗುರುಸಿದ್ದಮ್ಮನಿಗೆ ಮನೆಗೆಲಸದ ನಡುವೆ ಅದು ಆಗಿಬಂತೋ ಇಲ್ಲವೋ ನೋಡಲು ಪುರುಸೊತ್ತೇ ಸಿಗಲಿಲ್ಲ. ಹಾಗೆಯೇ ಅರವತ್ತು ವರ್ಷ ಹಾಕಿಕೊಂಡಳು. ಸಾಯುವ ಮುನ್ನ, ಹೆಣ್ಣುಮಕ್ಕಳಿಬ್ಬರೂ ಒಂದೊಂದು ತೆಗೆದುಕೊಳ್ಳಲಿ ಎಂದಳು.

ಹಿರಿಯಳಾದ ದಾಕ್ಷಾಯಿಣಮ್ಮ ಮೊದಲು ಆರಿಸಿದಳು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು, ಆಗತಾನೆ ತುಂಬಿದ ಶಾಯಿದೌತಿಯಂತೆ ಅಗಾಧನೀಲ. ಇನ್ನೊಂದು, ಹಲವು ಸಲ ಒಗೆದ ಯೂನಿಫಾರ್ಮಿನಂತೆ ತಿಳಿನೀಲ. ಆಕೆ ಅಗಾಧವನ್ನು ಕೈಗೆತ್ತಿಕೊಂಡಳು. ಸರ್ವಮಂಗಳಮ್ಮ ಉಳಿದದ್ದನ್ನು ತೆಗೆದುಕೊಂಡು, ಒಂದು ಮಾತೂ ಆಡದೆ ಹರಿಹರದ ಬಸ್ಸು ಹತ್ತಿದಳು.

ಅಲ್ಲಿಂದ ಎಂಟು ವರ್ಷದ ಸಮರ. ಅಕ್ಕ ತನ್ನ ಓಲೆಯ ತಿರುಪು ಕತ್ತರಿಸಿ, ಸರಕ್ಕೆ ಪದಕವಾಗಿ ತೂಗಿಸಿದಳು. ನೀರು ಸೋಕಿದರೆ ನೀಲದ ಕಳೆ ಹೋಗುತ್ತದೆಂದು ಎಲ್ಲೋ ಕೇಳಿ, ಸ್ನಾನಕ್ಕೆ ಮುಂಚೆ ತೆಗೆದು ಮಖಮಲ್ಲಿನ ಡಬ್ಬಿಯಲ್ಲಿ ಇಡುತ್ತಿದ್ದಳು. ತಂಗಿಯಾದರೋ, ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಸೋಪು ಕರಗಿಸಿ, ಓಲೆಯನ್ನು ನೆನೆಹಾಕಿ, ಸವೆದ ಮೆತ್ತನೆಯ ಬ್ರಷ್ಷಿನಿಂದ ಕಲ್ಲಿನ ಸುತ್ತ ಉಜ್ಜಿ, ಒರೆಸಿ, ಬೇರೆ ಒಡವೆಗೆ ತಾಗದಂತೆ ಮಲ್ಲುಬಟ್ಟೆಯಲ್ಲಿ ಸುತ್ತಿಡುವಳು. ಒಂದು ದೀಪಾವಳಿಯಲ್ಲಿ ಇದನ್ನು ಕಂಡ ದಾಕ್ಷಾಯಿಣಮ್ಮ, ಇವಳು ಅಮ್ಮನ ಓಲೆಯನ್ನು ಪಾತ್ರೆ ತೊಳೆದ ಹಾಗೆ ತೊಳೆದು ತೊಳೆದೇ ಬಣ್ಣ ಕಳೆದಳು ಎಂದು ಬಂಧುವರ್ಗದಲ್ಲೆಲ್ಲ ಸಾರಿದಳು. ಆಮೇಲೆ ಇಬ್ಬರೂ ಮದುವೆ ಮುಂಜಿಗಳಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಉಂಡರು.

ಹೀಗಿರುವಾಗ ಅವರ ತಮ್ಮನ ಮಗಳು ಶಾಂಭವಿಗೆ ಮದುವೆ ಗೊತ್ತಾಯಿತು. ಅಜ್ಜಿಯ ಓಲೆಗಳನ್ನು ಜೋಡಿಯಾಗಿ ಹಾಕಿಕೊಂಡೇ ಹಸೆಗೆ ಕೂರುತ್ತೇನೆಂದು ಆಕೆ ಇಬ್ಬರು ಅತ್ತೆಯರಿಗೂ ಫೋನ್ ಮಾಡಿದಳು. ಇಲ್ಲ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಚೌಕಿಪೇಟೆಯ ಓಣಿಯೊಂದರಲ್ಲಿ, ಮೂರು ತಲೆಮಾರಿನಿಂದ ಅವರ ಮನೆಯ ಒಡವೆ ಮಾಡುತ್ತಿದ್ದ ಮೌನೇಶಾಚಾರ್ರ ಅಂಗಡಿಯೆಂಬ ರಣಾಂಗಣದಲ್ಲಿ, ಎರಡು ನೀಲಗಳೂ ಒಂದೇ ಬಿಳಿಯ ಬಟ್ಟೆಯ ಮೇಲೆ ಎಂಟು ವರ್ಷದ ಬಳಿಕ ಎದುರುಬದುರಾದವು.

ಜೋಡಿಯಾಗಲಿಲ್ಲ. ಕುರುಡನಿಗೂ ಕಾಣುವಷ್ಟು ಅಂತರವಿತ್ತು. ಮೌನೇಶಾಚಾರ್ರು ಕನ್ನಡಕ ಸರಿಪಡಿಸಿಕೊಂಡು, ಎರಡರಲ್ಲಿ ಒಂದನ್ನು ಇಟ್ಟುಕೊಂಡು ಅದಕ್ಕೆ ಹೊಂದುವ ಹೊಸ ಕಲ್ಲು ಕೂರಿಸಬಹುದು ಎಂದರು. ಯಾವುದನ್ನು ಇಟ್ಟುಕೊಳ್ಳುವುದು ಎಂಬುದನ್ನು ಮಾತ್ರ ಹೇಳದೆ, ಒಂಬತ್ತು ನೀಲಗಳಿದ್ದ ತಟ್ಟೆಯನ್ನು ನಡುವೆ ಇಟ್ಟು ಹಿಂದೆ ಸರಿದರು. ಒಬ್ಬಳ ಪಾಲಿನ ತಾಯಿ ಮದುಮಗಳ ಕಿವಿಯೇರುವಳು, ಇನ್ನೊಬ್ಬಳ ಪಾಲಿನ ತಾಯಿ ಡಬ್ಬಿಗೆ ಮರಳುವಳು. ಇದಕ್ಕಿಂತ ದೊಡ್ಡ ಪಣವನ್ನಿಟ್ಟು ಯಾವ ರಾಜರೂ ಕಾದಾಡಿರಲಾರರು.

ಆಗ ದಾಕ್ಷಾಯಿಣಮ್ಮ ಸೆರಗು ಬಿಗಿದು ಎದ್ದು ನಿಂತಳು. ಪ್ರಾರ್ಥನೆಯ ಹೊತ್ತಿಗೆ ಆರುನೂರು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ಕಂಠ ಅದು.

“ಮೌನೇಶಾಚಾರ್ರೆ, ಕೇಳಿ. ಅರವತ್ತು ವರ್ಷ ನನ್ನ ತಾಯಿಯ ಕಪೋಲಕ್ಕೆ ಕಾಂತಿ ಕೊಟ್ಟ ಮಣಿ ಇದು. ಈ ನೀಲಿಯ ಆಳವನ್ನು ಎಂಟು ವರ್ಷ ಕಣ್ಣಿನ ಹಾಗೆ ಕಾಪಾಡಿದವಳು ನಾನು, ಒಂದು ಹನಿ ನೀರು ಸೋಕಿಸಿಲ್ಲ. ಇದರ ಸಮಕ್ಕೆ ನಿಲ್ಲುವ ಕಲ್ಲು ಈ ತಟ್ಟೆಯಲ್ಲಿದ್ದರೆ ಅದನ್ನು ನಾನೇ ಹುಡುಕುತ್ತೇನೆ.”

ಹೀಗೆ ಗರ್ಜಿಸಿ, ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಲ್ಲೂ ಚೆಲುವೆಂದು ತಿಳಿದ ಆ ಪ್ರಾಜ್ಞೆ, ತನ್ನ ಪದಕವನ್ನೂ ತಟ್ಟೆಯನ್ನೂ ಎತ್ತಿಕೊಂಡು ಬಾಗಿಲ ಬಿಸಿಲಿನತ್ತ ದಂಡೆತ್ತಿ ನಡೆದಳು. ತಟ್ಟೆಯ ಇನ್ನೊಂದು ಅಂಚನ್ನು ಬಿಡಲಾರದ ಮೌನೇಶಾಚಾರ್ರೂ ಅಡ್ಡಡ್ಡ ಹೆಜ್ಜೆಯಿಟ್ಟು ಜೊತೆಗೆ ಬಂದರು. ಅಲ್ಲಿ, ಸೈಕಲ್ಲುಗಳೂ ಆಟೋಗಳೂ ಬದಿಗೆ ಸರಿದು ಹೋಗುತ್ತಿರಲು, ಒಂದೊಂದಾಗಿ ಶತ್ರುಗಳು ಉರುಳಿದರು. ಮೊದಲನೆಯದು ಓರೆಯಾಗಿ ನೋಡಿದರೆ ಕಡುನೀಲಿ, ನೆಟ್ಟಗೆ ನೋಡಿದರೆ ನಡುವೆ ಬೋಳು, ಅದು ಬಿತ್ತು. ಎರಡನೆಯದರ ಒಳಗೆ ಒಂದು ಗೆರೆ, ಒಂದು ಚುಕ್ಕೆ ಕೂಡ ಇರಲಿಲ್ಲ. ಇಷ್ಟೊಂದು ಚೊಕ್ಕವಾದ ಉತ್ತರ ಕಂಡರೆ ನಕಲು ಹೊಡೆದದ್ದೆಂದು ಅನುಮಾನಿಸುವುದು ಆಕೆಯ ವೃತ್ತಿಧರ್ಮ. ಕೇಳಿದಾಗ, ಅದು ಕಾರ್ಖಾನೆಯ ಕಲ್ಲೇ ಎಂದು ಮೌನೇಶಾಚಾರ್ರು ಒಪ್ಪಿಕೊಂಡರು. ಮೂರನೆಯದರ ಮೂಲೆಯಲ್ಲಿ ಬಿಳಿಯ ಪಟ್ಟೆ. ನಾಲ್ಕನೆಯದೂ ಐದನೆಯದೂ ಮೊದಲ ನೋಟಕ್ಕೇ ಸೋತವು. ಆರನೆಯದು ಆಕೆಯ ಪದಕದ ಪಕ್ಕದಲ್ಲಿ ಅಕ್ಕತಂಗಿಯ ಹಾಗೆ ಕೂತಿತು. ದಾಕ್ಷಾಯಿಣಮ್ಮ ವಿಜಯೋನ್ಮತ್ತಳಾಗಿ ಒಳಗೆ ಬಂದಳು.

ಕುರ್ಚಿಯಿಂದ ಏಳದೆ ಕೂತಿದ್ದ ಸರ್ವಮಂಗಳಮ್ಮ, ವಾಪಸು ಬಂದ ತಟ್ಟೆಯಿಂದ ಒಂದು ತಿಳಿನೀಲಿಯನ್ನು ಬೆರಳ ತುದಿಯಿಂದ ಸರಿಸಿ, ತನ್ನ ಓಲೆಯ ಪಕ್ಕದಲ್ಲಿಟ್ಟು, ಕೈ ಕಟ್ಟಿದಳು. ಅದೂ ಹೊಂದುತ್ತಿತ್ತು.

ತೊಳೆದು ಬಣ್ಣಗೆಡಿಸಿದ ಕಲ್ಲಿಗೆ ಹೊಸ ಕಲ್ಲನ್ನು ಜೋಡಿ ಮಾಡುವುದು ತಾಯಿಗೆ ಮಾಡುವ ಅವಮಾನವೆಂದು ಅಕ್ಕ ಇನ್ನೊಂದು ಭಾಷಣಕ್ಕೆ ಅಣಿಯಾದಳು. ಅದು ಮುಗಿಯುವವರೆಗೆ ತಂಗಿ ಕಾದಳು. ಆಮೇಲೆ ಎಂಟು ವರ್ಷ ಒಳಗಿಟ್ಟುಕೊಂಡದ್ದನ್ನು ಹೊರಗೆ ತೆಗೆದಳು.

“ನಾನು ತೊಳೆದಿದ್ದಕ್ಕೆ ಬಣ್ಣ ಹೋಯ್ತು ಅಂತೀಯಲ್ಲಕ್ಕಾ, ಅವತ್ತು ಎರಡನ್ನೂ ಕಿಟಕಿ ಹತ್ರ ಹಿಡಿದು ನೋಡಿದ್ದು ಯಾಕೆ? ಚೆನ್ನಾಗಿರೋದು ಯಾವುದು ಅಂತ ನಿಂಗೆ ಅವತ್ತೇ ಗೊತ್ತಿತ್ತು.”

ದಾಕ್ಷಾಯಿಣಮ್ಮನ ಸಂಧಿ, ಸಮಾಸ, ಅಲಂಕಾರಗಳ ಅಕ್ಷೌಹಿಣಿಯಲ್ಲಿ ಒಬ್ಬ ಕಾಲಾಳೂ ನೆರವಿಗೆ ಬರಲಿಲ್ಲ. ಕಿಟಕಿಯ ಆ ಬೆಳಕು, ಪಕ್ಕದಲ್ಲಿ ನಿಂತಿದ್ದ ತಂಗಿಯ ಉಸಿರು, ಎಲ್ಲ ನೆನಪಿಗೆ ಬಂತು. ಕುಡಿಯಲು ನೀರು ಕೇಳಿದಳು.

ಈ ಸಂಧಿಕಾಲದಲ್ಲಿ ಮೌನೇಶಾಚಾರ್ರು, ಯಾವ ಕಲ್ಲಾದರೂ ಸರಿ, ಪದಕವನ್ನು ಮತ್ತೆ ಓಲೆ ಮಾಡಬೇಕಾದರೆ ಅಳತೆಗೆ ಹಿಂಬದಿಯ ಚಿನ್ನದ ತಗಡು ಬಿಚ್ಚಲೇಬೇಕು ಎಂದು ಗೊಣಗಿ, ಉತ್ತರಕ್ಕೆ ಕಾಯದೆ ಕೆಲಸಕ್ಕಿಳಿದರು. ದಾಕ್ಷಾಯಿಣಮ್ಮ ಅವರ ಬೆರಳುಗಳಿಂದ ಕಣ್ಣು ಕೀಳಲಿಲ್ಲ. ತಗಡು ತೆರೆದುಕೊಂಡಿತು. ಒಳಗೆ, ಕಲ್ಲಿನ ಬೆನ್ನಿಗೆ ಅಂಟಿಕೊಂಡು, ಕಪ್ಪಗೆ ಗಟ್ಟಿಯಾಗಿ ಜಿಡ್ಡು ಕೂತಿತ್ತು. ಅವರು ಅದನ್ನು ಕಡ್ಡಿಯಿಂದ ಎಬ್ಬಿಸಿ ಒಂದು ಚಿಂದಿಗೆ ಒರೆಸಿದರು. ಕಲ್ಲನ್ನು ಬೆಚ್ಚಗಿನ ಸೋಪಿನ ನೀರಿಗೆ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿ, ಅದೇ ಚಿಂದಿಯಿಂದ ಒರೆಸಿ, ಬಿಳಿಯ ಬಟ್ಟೆಯ ಮೇಲಿಟ್ಟರು.

ತಿಳಿನೀಲಿ. ಸರ್ವಮಂಗಳಮ್ಮನ ಓಲೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ನೀಲದ ಬಣ್ಣ ನೀರಿಗೆ ಹೋಗಲ್ಲ ಮೇಡಮ್ಮೋರೆ,” ಎಂದರು ಮೌನೇಶಾಚಾರ್ರು. “ಚಿಕ್ಕಮ್ಮೋರ ಪಾಲಿಗೆ ಬಂದ ಓಲೆ ನಿಮ್ಮಮ್ಮೋರ ಕಾಲದಲ್ಲೇ ಒಂದ್ಸಲ ಸಡಿಲ ಆಗಿತ್ತು, ನಮ್ಮಪ್ಪ ಬಿಚ್ಚಿ, ತೊಳೆದು, ಕಟ್ಟಿಕೊಟ್ಟಿದ್ರು. ಆಮೇಲೆ ಇವರೂ ತೊಳ್ಕೊಂಡೇ ಬಂದ್ರು. ಇದನ್ನ ಯಾರೂ ಬಿಚ್ಚಿಲ್ಲ. ಅಮ್ಮೋರು ತಲೆಗೆ ಹಚ್ಕೊಂಡಿದ್ದ ಎಣ್ಣೆ ಒಳಗೆ ಇಳಿದು ಇಳಿದು ಕೂತಿದೆ. ನೀವು ನೋಡ್ತಿದ್ದ ಕಪ್ಪು ಅದೇ.”

ಕಲ್ಲನ್ನು ಬದಲಾಯಿಸಿದರೆಂದು ಕೂಗಾಡಬಹುದಿತ್ತು. ಆದರೆ ಕಣ್ಣು ಕೀಳದೆ ನೋಡಿದವಳು ತಾನೇ. ಸಾವಿರಾರು ತಪ್ಪುತ್ತರಗಳಿಗೆ ಗೆರೆ ಎಳೆದ ಕೈ ಈಗ ಮೇಜಿನ ಅಂಚನ್ನು ಹಿಡಿದುಕೊಂಡಿತು. ತಂಗಿ ನಕ್ಕರೆ ನಗಲಿ ಎಂದು ಕಾದಳು. ಸರ್ವಮಂಗಳಮ್ಮ ನಗಲಿಲ್ಲ. ತಾನು ಆರಿಸಿದ್ದ ಹೊಸ ಕಲ್ಲನ್ನೂ ಅಕ್ಕ ಆರಿಸಿದ್ದನ್ನೂ ಎತ್ತಿ ತಟ್ಟೆಗೆ ಹಾಕಿ, ತಟ್ಟೆಯನ್ನು ಆಚೆಗೆ ನೂಕಿದಳು.

ಮೌನೇಶಾಚಾರ್ರು ಚಿಂದಿಯನ್ನು ಬುಟ್ಟಿಗೆ ಎಸೆಯಲು ಹೋದಾಗ ದಾಕ್ಷಾಯಿಣಮ್ಮ ಕೈ ಚಾಚಿದಳು. ಅದು ಬರೀ ಕೊಳೆ ಎಂದು ಅವರು ಹೇಳಿದರೂ ಕೈ ಹಿಂದೆ ತೆಗೆಯಲಿಲ್ಲ. ಚಿಂದಿಯನ್ನು ಮೂಗಿನ ಹತ್ತಿರ ಹಿಡಿದಳು. ನೀರಿನ ಬೆಚ್ಚನೆಗೆ ಜಿಡ್ಡು ಕರಗಿ, ಸಣ್ಣಗೆ, ತೀರ ಸಣ್ಣಗೆ, ಒಂದು ವಾಸನೆ ಎದ್ದಿತ್ತು. ಆಕೆಯ ಕಣ್ಣು ತುಂಬಿದವು. ಅದನ್ನು ತಂಗಿಯ ಕೈಗೆ ಕೊಟ್ಟಳು.

ಸರ್ವಮಂಗಳಮ್ಮ ಮೂಸಿದಳು. ಮತ್ತೊಮ್ಮೆ ಮೂಸಿದಳು.

“ಎಣ್ಣೆಗೆ ಮೆಂತ್ಯ ಜಾಸ್ತಿ ಹಾಕ್ತಿದ್ಲು,” ಎಂದಳು.

“ಮೆಂತ್ಯ ಅಲ್ಲ, ಕರಿಬೇವು,” ಎಂದಳು ದಾಕ್ಷಾಯಿಣಮ್ಮ, ಮೂಗು ಒರೆಸಿಕೊಳ್ಳುತ್ತ. “ಮೆಂತ್ಯದ ವಾಸನೆ ಅಮ್ಮನಿಗೆ ಆಗ್ತಾನೇ ಇರಲಿಲ್ಲ.”

ಹಾಗಾದರೆ ಶನಿವಾರ ಶನಿವಾರ ಅಟ್ಟದ ಡಬ್ಬಿಯಿಂದ ಮೆಂತ್ಯ ಇಳಿಸಿಕೊಡುತ್ತಿದ್ದವಳು ತಾನಲ್ಲದೆ ಇನ್ಯಾರು ಎಂದು ತಂಗಿ ಕೇಳಿದಳು. ಅದು ಹುಳಿಗೆ ಎಂದಳು ಅಕ್ಕ. ಶನಿವಾರ ಯಾವತ್ತು ಹುಳಿ ಮಾಡಿದ್ದಳು ಎಂದಳು ತಂಗಿ. ಹೀಗೆ ಎಂಟು ವರ್ಷದಲ್ಲಿ ಒಟ್ಟು ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅರ್ಧ ತಾಸಿನಲ್ಲಿ ಆಡುತ್ತ, ಆ ವೀರಾಂಗನೆಯರು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದು, ಓಣಿಯ ತುದಿಯಲ್ಲಿ ಒಂದೇ ಆಟೋ ಹತ್ತಿದರು. ಹಿಂದಿನಿಂದ ಮೌನೇಶಾಚಾರ್ರು ಏನೋ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರ ಬಂದಾಗ, ನೀಲಗಳೆರಡೂ ಅಂಗಡಿಯ ಮೇಜಿನ ಮೇಲೇ ಉಳಿದವೆಂದು ದಾಕ್ಷಾಯಿಣಮ್ಮನಿಗೆ ಹೊಳೆಯಿತು. ಅಷ್ಟರಲ್ಲಿ ವಾದ ಎಣ್ಣೆಗೆ ಹಾಕುತ್ತಿದ್ದ ಒಣಗಿದ ದಾಸವಾಳಕ್ಕೆ ಬಂದಿತ್ತು, ಹರಿಹರದ ಬಸ್ಸು ಎದುರಿಗೇ ನಿಂತಿತ್ತು. ಓಲೆಯನ್ನು ನಾಳೆ ತಂದರೂ ಆದೀತು ಎಂದುಕೊಂಡು, ಆಕೆ ಮುಂದಕ್ಕೆ ಬಾಗಿ, ಇನ್ನೊಂದು ಸುತ್ತು ನಿಧಾನವಾಗಿ ಹೋಗಪ್ಪ ಎಂದು ಆಟೋದವನಿಗೆ ಹೇಳಿದಳು.