ಚಿಪ್ಪಿನ ಹೊಟ್ಟೆಯ ಅಳತೆ

ಭಾವಮೈದ ಡ್ವೇನ್ ನನ್ನ ಮಾತಿಗೆ ನಕ್ಕರೆ ಸಹಿಸಿಕೊಳ್ಳುತ್ತೇನೆ (ಇಪ್ಪತ್ತಾರು ವರ್ಷದ ಅಭ್ಯಾಸ). ನನ್ನ ತಕ್ಕಡಿಗೆ ನಕ್ಕರೆ ಮಾತ್ರ ಸಹಿಸಲಾರೆ.

ಮೊಂಟಾನಾದ ನಮ್ಮ ಊರಿನಲ್ಲಿ ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪನ್ನು ಯಾರೂ ಎಸೆಯುವುದಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಹತ್ತಿರ ಬಂತೆಂದರೆ ಮನೆಯಲ್ಲೇ ಕೂತು ಮತ್ತೆ ಮದ್ದು ತುಂಬಿಕೊಳ್ಳುತ್ತೇವೆ. ಈ ಸಲ ನಾನೂ ಡ್ವೇನನೂ ಬೇರೆ ಕಂಪನಿಯ ಚಿಪ್ಪು ತಂದಿದ್ದೆವು. ಅದರ ಗೋಡೆ ದಪ್ಪ, ಹೊಟ್ಟೆಯಲ್ಲಿ ಜಾಗ ಕಡಿಮೆ, ಹಳೆಯ ಲೆಕ್ಕದಲ್ಲೇ ಮದ್ದು ಹಾಕಿದರೆ ಒತ್ತಡ ಹೆಚ್ಚಿ ಕೋವಿ ಮುಖಕ್ಕೇ ಸಿಡಿದೀತು ಎಂದು ಎಚ್ಚರಿಸಿದೆ. ಎಲ್ಲ ಚಿಪ್ಪೂ ಒಂದೇ ಎಂದು ಆತ ಫೋನಿನಲ್ಲೇ ನಕ್ಕ. ಅವನ ಎರಡು ಕಣ್ಣುಗಳ ಮೇಲಿನ ಕರುಣೆಯಿಂದ ಭಾನುವಾರ ಊಟಕ್ಕೆ ಕರೆದೆ. ಎದುರಿಗೇ ಅಳೆದು ತೋರಿಸುವ ಘನ ಪ್ರತಿಜ್ಞೆ ಮಾಡಿದೆ.

ವಿಧಾನ ಸರಳ. ಖಾಲಿ ಚಿಪ್ಪನ್ನು ತೂಗುವುದು, ಬಾಯಿಮಟ್ಟ ನೀರು ತುಂಬಿಸಿ ಮತ್ತೆ ತೂಗುವುದು. ಹೆಚ್ಚಿಗೆ ಬಂದದ್ದೇ ಒಳಗಿನ ಜಾಗ. ಆದರೆ ಆ ತಕ್ಕಡಿ ಸೊಳ್ಳೆ ಸೀನಿದರೂ ಬೆಚ್ಚಿಬೀಳುವ ಜಾತಿಯದು. ಆದ್ದರಿಂದ ಗಾಳಿ ಊದುವ ಹೀಟರ್ ಆರಿಸಿದೆ. ನಾಯಿಯನ್ನು ಗಡೀಪಾರು ಮಾಡಿದೆ. ಕೋಟು ತೊಟ್ಟು ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿ ನೋರೀನ್‌ಗೆ ಉಸಿರು ಕೂಡ ಬಿಡಕೂಡದೆಂದು ಅಪ್ಪಣೆ ಕೊಟ್ಟೆ.

ಒಂದೇ ಚಿಪ್ಪು. ಮೊದಲ ಸಲ ಅರವತ್ತೆಂಟು ಗ್ರೇನ್ (ಮದ್ದು ತೂಗುವ ಪುಟ್ಟ ಅಳತೆ), ಎರಡನೆಯ ಸಲ ಎಪ್ಪತ್ತೊಂದು, ಮೂರನೆಯ ಸಲ ಅರವತ್ತನಾಲ್ಕು. ಡ್ವೇನ್ ಕರವಸ್ತ್ರ ಬಾಯಿಗೆ ತುರುಕಿಕೊಂಡ. ನಾನು ಗಾಳಿಯನ್ನು ಬೈದೆ, ನೀರನ್ನು ಬೈದೆ, ಮೇಜು ಮಾಡಿದ ಬಡಗಿಯನ್ನೂ (ತೀರಿಕೊಂಡಿದ್ದಾನೆ, ಪಾಪ) ಬಿಡಲಿಲ್ಲ.

"ಆರ್ವಿಲ್, ಸ್ವಲ್ಪ ಹಿಂದಕ್ಕೆ ಸರಿ," ಎಂದಳು ನೋರೀನ್.

"ಯಾಕೆ?"

"ನಿನ್ನ ಹೊಟ್ಟೆ ಮೇಜಿಗೆ ಒರಗಿದೆ. ಉಸಿರು ಎಳ್ಕೊಂಡ್ರೆ ಎಪ್ಪತ್ತೊಂದು, ಬಿಟ್ರೆ ಅರವತ್ನಾಲ್ಕು. ಆಗಿಂದ ನೋಡ್ತಾನೇ ಇದೀನಿ."

"ಮೊದ್ಲೇ ಹೇಳೋಕೇನಾಗಿತ್ತು?"

"ಉಸಿರು ಬಿಡ್ಬೇಡ ಅಂದಿದ್ಯಲ್ಲ, ಮಾತಾಡೋದು ಹೇಗೆ?"

ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಅವಳೇ ಕೂತಳು. ಗುಳ್ಳೆ ನಿಲ್ಲದಿರಲೆಂದು ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಕಣ್ಣಿಗೆ ಔಷಧಿ ಬಿಡುವ ಕೊಳವೆಯಿಂದ ತುಂಬಿಸಿದಳು. ಹಳೆಯ ಹತ್ತು ಚಿಪ್ಪೂ ಅರವತ್ತೆಂಟರ ಆಸುಪಾಸು, ಹೊಸ ಹತ್ತೂ ಅರವತ್ತೈದರ ಆಸುಪಾಸು. ತಕ್ಕಡಿ ಪ್ರಾರ್ಥನೆಗೆ ಕೂತಂತೆ ಅಲುಗಾಡದೆ ಇತ್ತು.

ಅಂದರೆ ನಾನು ಹೇಳಿದ್ದೇ ನಿಜ. ನಾನು ಗೆದ್ದಿದ್ದೆ. ಎರಡೂ ಕೈ ಮೇಲೆತ್ತಿದೆ.

ಡ್ವೇನ್ ನಗು ನಿಲ್ಲಿಸಿದ. ಎದ್ದು ಬಂದು ಗೌರವದಿಂದ ಕೈ ಕುಲುಕಿದ, ನೋರೀನಳ ಕೈ.

"ಅಕ್ಕ, ಕಣ್ಣು ಉಳಿಸಿದೆ ನೋಡು. ಇನ್ಮೇಲೆ ನಮ್ಮ ಬೇಟೆ ಕ್ಲಬ್ಬಿನವರ ಚಿಪ್ಪೆಲ್ಲ ನೀನೇ ಅಳೆದುಕೊಡು."

ಸಿದ್ಧಾಂತ ನನ್ನದು ಎಂದು ನೆನಪಿಸಿದೆ. "ಯಾರು ಇಲ್ಲ ಅಂದ್ರು ಭಾವ, ಅದನ್ನೂ ಬರೀತೀನಿ," ಎಂದು ಚಿಪ್ಪಿನ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇಬಿಟ್ಟ. ಆ ಡಬ್ಬಿ ಈಗ ಕ್ಲಬ್ಬಿನ ಕಪಾಟಿನಲ್ಲಿ, ಎಲ್ಲರಿಗೂ ಕಾಣುವ ಎತ್ತರದಲ್ಲಿದೆ:

"ಅಳೆದವರು: ನೋರೀನ್. ದೂರ ನಿಂತು ಸಹಕರಿಸಿದವರು: ಆರ್ವಿಲ್."